ಅಕ್ಕನ ಹಳೇ ಮಾತ್ರೆ, ಹೊಸ ಮಾತ್ರೆ

ವರ್ಷಕ್ಕೊಂದು ಸಲ ಆ ಪಾಠ ಬರುತ್ತೆ. ಬಂದಾಗೆಲ್ಲ ತಲೆನೋವು ಅಂತ ಸುಳ್ಳು ಹೇಳಿ ರಜೆ ಹಾಕಿಬಿಡೋಣ ಅನ್ನಿಸುತ್ತೆ. ಹಾಕಲ್ಲ. ಹಾಕಿದರೆ ನನ್ನ ಬದಲಿಗೆ ಬರೋರು ಹಳೇ ನೋಟ್ಸು ಓದಿ ಹತ್ತು ನಿಮಿಷದಲ್ಲಿ ಮುಗಿಸಿ ಎದ್ದು ಹೋಗ್ತಾರೆ, ಅದನ್ನ ನನ್ನ ಕೈಲಿ ತಡ್ಕೊಳ್ಳೋಕಾಗಲ್ಲ. ಕನಕಪುರದ ರಸ್ತೆಯಲ್ಲಿರೋ ಒಂದು ಸಣ್ಣ ಡಿ.ಫಾರ್ಮಾ ಕಾಲೇಜಿನಲ್ಲಿ ನಾನು ಮೇಷ್ಟ್ರು. ಔಷಧ ಮೈಯೊಳಗೆ ಹೋದ ಮೇಲೆ ಏನೇನು ಮಾಡುತ್ತೆ ಅನ್ನೋದು ನನ್ನ ವಿಷಯ.

ಇಲ್ಲದ ದನಿ ಕೇಳಿಸೋರಿಗೆ, ಇಲ್ಲದ ಹಗೆ ಕಾಣೋರಿಗೆ ಕೊಡೋ ಮಾತ್ರೆಗಳ ಪಾಠ ಅದು. ಬೋರ್ಡಿನ ನಡುವೆ ಒಂದು ಗೆರೆ ಎಳೀತೀನಿ. ಎಡಗಡೆ ಹಳೇವು, ಟಿಪಿಕಲ್ ಅಂತಾರೆ: ಕ್ಲೋರ್‌ಪ್ರೊಮಝಿನ್, ಹ್ಯಾಲೋಪೆರಿಡಾಲ್. ಬಲಗಡೆ ಹೊಸವು, ಎಟಿಪಿಕಲ್: ರಿಸ್ಪೆರಿಡೋನ್, ಒಲಾಂಜಪಿನ್, ಹೀಗೆ. ಮಿದುಳಿನಲ್ಲಿ ಡೋಪಮಿನ್ ಅನ್ನೋ ರಾಸಾಯನಿಕ ಬಂದು ಕೂರೋ ಜಾಗದಲ್ಲಿ ಹಳೇವು ತಾವೇ ಗಟ್ಟಿಯಾಗಿ ಕೂತುಬಿಡ್ತವೆ. ದನಿ ನಿಲ್ಲುತ್ತೆ. ಆದರೆ ಕೈಕಾಲು ಆಡಿಸೋದಕ್ಕೂ ಅದೇ ಡೋಪಮಿನ್ ಬೇಕಲ್ಲ, ಹಾಗಾಗಿ ಮೈ ಬಿಗಿಯಬಹುದು, ಕೈ ನಡುಗಬಹುದು, ಮುಖದಲ್ಲಿ ನಗುವಿನ ಕಳೆ ಹೋಗಬಹುದು. ಹೊಸವು ಬಹುಪಾಲು ಅಷ್ಟು ಬಿಗಿಯಾಗಿ ಹಿಡಿಯಲ್ಲ, ಸೆರೊಟೋನಿನ್ ಅನ್ನೋ ಇನ್ನೊಂದರ ಜಾಗವನ್ನೂ ತಡೀತವೆ. ಕೈ ಉಳಿಯುತ್ತೆ. ಆದರೆ ಕೆಲವು ಹಸಿವನ್ನ ಕೆರಳಿಸ್ತವೆ, ಮೈ ಊದುತ್ತೆ, ಸಕ್ಕರೆ ಕಾಯಿಲೆ ಹತ್ತಿರ ಬರುತ್ತೆ. ಈ ಗೆರೆ ಅಷ್ಟು ನೆಟ್ಟಗಿಲ್ಲ, ಹೊಸದರಲ್ಲೂ ಕೆಲವು ಡೋಸು ಏರಿದರೆ ಹಳೇದರ ಹಾಗೇ ಆಡ್ತವೆ ಅಂತಲೂ ಹೇಳ್ತೀನಿ. ಯಾರೂ ಅದನ್ನ ಬರ್ಕೊಳ್ಳಲ್ಲ.

ಈ ವರ್ಷ ಮುಂದಿನ ಬೆಂಚಿನಲ್ಲಿ ತಿಪ್ಪಸಂದ್ರದ ಕಡೆಯ ಹುಡುಗಿಯೊಬ್ಬಳು ಕೈ ಎತ್ತಿದಳು. "ಮೇಡಂ, ಹಂಗಾದ್ರೆ ಹಳೇದು ಕೆಟ್ಟದ್ದು, ಹೊಸದು ಒಳ್ಳೇದು ಅಂತ ಬರ್ಕೊಳ್ಳೋದಾ?"

"ಏನು ಸೀರೆ ಅಂಗಡೀಲಿ ಕೂತು ಸೀರೆ ಆರಿಸ್ತಿದ್ದೀಯಾ ತಾಯಿ?" ಅಂದೆ. ಕ್ಲಾಸೆಲ್ಲ ನಕ್ಕಿತು. ಆ ಮಗು ತಲೆ ತಗ್ಗಿಸಿದ್ದು ಆಮೇಲೆ ಎತ್ತಲಿಲ್ಲ.

ನನ್ನ ನಾಲಿಗೆ ಬಿದ್ದುಹೋಗ. ನನ್ನ ಬಾಯಿಗೆ ಹೆದರಿಯೇ ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಉಳಿದವರೆಲ್ಲ ಒಂದು ಮೇಜಿನ ಸುತ್ತ ಡಬ್ಬಿ ಬಿಚ್ಚಿದರೆ ನಾನು ಕಿಟಕಿ ಪಕ್ಕ ಒಬ್ಬಳೇ ಬಿಚ್ಚೋದು. ಮನೆಗೆ ಹೋದರೂ ಒಬ್ಬಳೇ. ರಾಮನಗರದಲ್ಲಿ ಬಾಡಿಗೆಯ ಎರಡು ಕೋಣೆ, ಒಂದು ಕುಕ್ಕರು, ಒಂದು ತಟ್ಟೆ. ಮದುವೆ ಮಾತು ಬಂದಾಗೆಲ್ಲ ಗಂಡಿನ ಕಡೆಯೋರು ಅಕ್ಕನ ವಿಷಯ ಕೇಳೋರು, ನಾನು ಅವರಿಗೆ ಚೆನ್ನಾಗಿ ಬಿಸಿ ಮುಟ್ಟಿಸಿ ಕಳಿಸ್ತಿದ್ದೆ. ಬರೋರು ಬರೋದನ್ನೇ ಬಿಟ್ಟರು. ಅದಕ್ಕೆ ನನಗೆ ಬೇಸರವಿಲ್ಲ ಅಂತ ಬಹಳ ದಿನ ಹೇಳ್ಕೊಂಡು ತಿರುಗಿದೆ. ಬೇಸರ ಇದೆ.

ಆ ಹುಡುಗಿಯನ್ನ ಬೈದದ್ದು ಶುದ್ಧ ಅನ್ಯಾಯ. ಅವಳ ವಯಸ್ಸಿನಲ್ಲಿ ನಾನೂ ನೋಟ್‌ಬುಕ್ಕಿನಲ್ಲಿ ಹಂಗೇ ಬರ್ಕೊಂಡಿದ್ದೆ. ಬರ್ಕೊಂಡು ಸುಮ್ಮನಿರದೆ ಊರಿಗೆ ಹೋಗಿ ಅಕ್ಕನ ಮೇಲೆ ಜಾರಿ ಮಾಡಿದ್ದೆ.

ನಮ್ಮದು ಕೈಲಾಂಚದ ಕಡೆ ಒಂದು ಊರು. ಹಿಪ್ಪುನೇರಳೆ ತೋಟ, ಎರಡು ಹಸು, ರೇಷ್ಮೆ ಹುಳ ಸಾಕೋ ಉದ್ದನೆ ಮನೆ. ಅಪ್ಪ ಬೇಗ ಹೋದರು. ಅವ್ವ, ಅಣ್ಣ, ಅಕ್ಕ, ನಾನು. ಅಕ್ಕ ನನಗಿಂತ ಆರು ವರ್ಷಕ್ಕೆ ದೊಡ್ಡವಳು. ಅವಳ ಕೈಯಂಥ ಕೈ ಸುತ್ತಲ ನಾಲ್ಕು ಊರಲ್ಲಿ ಇರಲಿಲ್ಲ. ಹುಳ ಹಣ್ಣಾದಾಗ, ಅಂದರೆ ಸೊಪ್ಪು ತಿನ್ನೋದು ಬಿಟ್ಟು ಗೂಡು ಕಟ್ಟೋಕೆ ತಯಾರಾದಾಗ, ಒಂದೊಂದನ್ನೂ ಆರಿಸಿ ಚಂದ್ರಿಕೆಯ ಮೇಲೆ, ಅಂದರೆ ಗೂಡು ಕಟ್ಟೋ ಬಿದಿರಿನ ತಟ್ಟಿಯ ಮೇಲೆ, ಬಿಡಬೇಕು. ಒಂದು ದಿನದ ಅವಸರದ ಕೆಲಸ. ಒತ್ತಿದರೆ ಹುಳ ಸತ್ತಿತು, ನಿಧಾನ ಮಾಡಿದರೆ ಸೊಪ್ಪಿನ ಮೇಲೇ ಗೂಡು ಕಟ್ಟಿ ಕೆಡಿಸಿತು. ಅಕ್ಕ ಕೂತರೆ ಬೆರಳು ಕಾಣ್ತಿರಲಿಲ್ಲ, ಖಾಲಿಯಾಗ್ತಾ ಹೋಗೋ ತಟ್ಟೆ ಮಾತ್ರ ಕಾಣ್ತಿತ್ತು. ಅಕ್ಕಪಕ್ಕದ ಮನೆಯೋರು ತಮ್ಮ ಹುಳ ಹಣ್ಣಾದಾಗ "ನಿಮ್ಮ ಹುಡ್ಗಿನ ಒಸಿ ಕಳುಸ್ರವ್ವ" ಅಂತ ಬಂದು ಕರ್ಕೊಂಡು ಹೋಗೋರು.

ಅವಳಿಗೆ ಇಪ್ಪತ್ತನಾಲ್ಕು ಇದ್ದಾಗ ಅದು ಶುರುವಾಯಿತು. ಮೊದಮೊದಲು ಒಬ್ಬಳೇ ನಗೋಳು, ಒಬ್ಬಳೇ ಸಿಡುಕೋಳು. ಆಮೇಲೆ ಒಂದು ಬೆಳಿಗ್ಗೆ ಮನೆಯಲ್ಲಿದ್ದ ಬಿಂದಿಗೆ, ಕೊಳದಪ್ಪಲೆ ಎಲ್ಲದರ ನೀರನ್ನೂ ಅಂಗಳಕ್ಕೆ ಸುರಿದಳು. "ವಿಷ ಹಾಕವ್ರೆ. ಆಡ್ಕೊತಾವ್ರೆ, ನನಿಗೆ ಕೇಳ್ತದೆ" ಅಂದಳು. ಅವ್ವ ಮತ್ತೆ ತುಂಬಿಸಿದರೆ ಮತ್ತೆ ಸುರಿದಳು. ಮೂರು ವಾರ ನಮ್ಮನೆಯಲ್ಲಿ ನೀರು ನಿಲ್ಲಲಿಲ್ಲ. ತುಟಿ ಒಡೆದು ರಕ್ತ ಬರ್ತಿದ್ದರೂ ಒಂದು ಲೋಟ ನೀರು ಕುಡಿಯಳು, ಕಣ್ಣೆದುರಿಗೇ ಕೆತ್ತಿದ ಎಳನೀರಲ್ಲೇ ಜೀವ ಹಿಡಿದಿದ್ದಳು. ಅವ್ವ ದೇವರಿಗೆ ಹರಕೆ ಕಟ್ಟಿದಳು, ತಾಯತ ಕಟ್ಟಿಸಿದಳು, ಕೊನೆಗೆ ಅಣ್ಣ ಬೈದು ಪೇಟೆಯ ಡಾಕ್ಟರ ಹತ್ತಿರ ಕರ್ಕೊಂಡು ಹೋದ.

ಡಾಕ್ಟರು ಹ್ಯಾಲೋಪೆರಿಡಾಲ್ ಬರೆದರು. ತಿಂಗಳು ತುಂಬೋ ಹೊತ್ತಿಗೆ ಅಕ್ಕ ತಾನೇ ಬಿಂದಿಗೆಯಿಂದ ನೀರು ಬಗ್ಗಿಸಿಕೊಂಡು ಗಟಗಟ ಕುಡಿದಳು. ಅವ್ವ ಬಾಗಿಲ ಹತ್ತಿರ ನಿಂತು ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಆ ಹಳೇ ಮಾತ್ರೆಯನ್ನ ಯಾರಾದರೂ ಹೀನಾಯವಾಗಿ ಆಡಿದರೆ ನನಗೆ ಈ ಹೊತ್ತಿಗೂ ಸಿಟ್ಟು ಬರುತ್ತೆ.

ತಿಂಗಳಿಗೊಂದು ಸಲ ಬನ್ನಿ, ಕೈಕಾಲು ಬಿಗಿದರೆ ತಕ್ಷಣ ಹೇಳಿ, ಡೋಸು ಕಮ್ಮಿ ಮಾಡೋಣ ಅಂತ ಡಾಕ್ಟರು ಹೇಳಿಯೇ ಕಳಿಸಿದ್ದರು. ಎಲ್ಲಿ ಹೋಗೋದು? ಹುಳ ಮನೆಯಲ್ಲಿದ್ದರೆ ಕೂಸು ಮನೆಯಲ್ಲಿದ್ದ ಹಾಗೆ, ಬಿಟ್ಟು ಹೋಗೋ ಹಂಗಿಲ್ಲ. ಒಂದು ಬೆಳೆ ಮುಗೀತು ಅನ್ನೋದರೊಳಗೆ ಇನ್ನೊಂದು. ಅಣ್ಣ ಅದೇ ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ಅದೇ ಮಾತ್ರೆ ತರ್ತಿದ್ದ. ಎರಡು ವರ್ಷ.

ಆ ಎರಡು ವರ್ಷದಲ್ಲಿ ಅಕ್ಕ ಮೆಲ್ಲಮೆಲ್ಲಗೆ ನಿಂತುಹೋದಳು. ಜಗಲಿ ಮೇಲೆ ಕೂತರೆ ಕೂತೇ ಇರೋಳು. ಕೂಗಿದರೆ ತಲೆ ಮಾತ್ರ ತಿರುಗೋದಲ್ಲ, ಇಡೀ ಮೈ ತಿರುಗೋದು. ಬಾಯಿಂದ ಜೊಲ್ಲು. ನಡೆದರೆ ತೋಳು ಆಡ್ತಿರಲಿಲ್ಲ. ಬೆರಳು ನಡುಗಿ ಹುಳದ ತಟ್ಟೆ ಮುಂದೆ ಕೂರೋದೇ ನಿಂತಿತು. ಹೊರಗಿನೋರು ಯಾರಾದರೂ ಕೇಳಿದರೆ ಅವ್ವ ಹೇಳ್ತಿದ್ದದ್ದು ಒಂದೇ ಮಾತು: "ಜ್ವರಕ್ಕೆ ಕುಂತವ್ಳೆ ಕನವ್ವ. ಮುಟ್ಟಬ್ಯಾಡಿ. ಎದ್ದೇಳ್ತಳೆ."

ಹುಳ ಸಾಕದವರಿಗೆ ಇದನ್ನ ಬಿಡಿಸಿ ಹೇಳಬೇಕು. ಹುಳ ಬೆಳೆಯೋದರೊಳಗೆ ನಾಲ್ಕು ಸಲ ಪೊರೆ ಬಿಡುತ್ತೆ. ಆಗೆಲ್ಲ ಒಂದು ದಿನ ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತೆ, ಸೊಪ್ಪು ಮುಟ್ಟಲ್ಲ. ಅದಕ್ಕೆ ನಮ್ಮ ಕಡೆ ಜ್ವರಕ್ಕೆ ಕೂರೋದು ಅಂತಾರೆ. ಆ ಹೊತ್ತಲ್ಲಿ ಸೊಪ್ಪು ಹಾಕಬಾರದು, ಕೈ ಹಾಕಬಾರದು, ಸುಮ್ಮನೆ ಬಿಟ್ಟುಬಿಡಬೇಕು. ಮುಟ್ಟಿದೋರೇ ಕೆಡಿಸಿದೋರು. ಅವ್ವ ಏಳು ವರ್ಷದ ಹುಡುಗಿಯಾಗಿದ್ದಾಗಿಂದ ಹುಳ ಸಾಕಿದೋಳು. ಅಲ್ಲಾಡದೆ ಕೂತ ಜೀವ ಒಳಗೊಳಗೇ ಬೆಳೀತಾ ಇರುತ್ತೆ ಅನ್ನೋದನ್ನ ಜೀವನವೆಲ್ಲ ಕಣ್ಣಾರೆ ಕಂಡೋಳು. ಅವಳು ಮಗಳನ್ನೂ ಹಂಗೇ ನೋಡಿದಳು. ಅಯ್ಯೋ ಶಿವನೆ, ಮಗಳು ಹುಳವೇ? ಆದರೆ ನಾನೂ ನಂಬಿದ್ದೆ. ಆ ಮನೆಯಲ್ಲಿ ಬೆಳೆದೋರಿಗೆ ಅದನ್ನ ನಂಬದೇ ಇರೋದು ಸಾಧ್ಯವಿರಲಿಲ್ಲ.

ನಾನು ಆಗ ಡಿ.ಫಾರ್ಮಾ ಎರಡನೇ ವರ್ಷ, ಹಾಸ್ಟೆಲಿನಲ್ಲಿದ್ದೆ, ಶನಿವಾರ ಶನಿವಾರ ಊರಿಗೆ ಬರ್ತಿದ್ದೆ. ಒಂದು ದಿನ ನಮ್ಮ ಸರ್ ಬೋರ್ಡಿನ ನಡುವೆ ಗೆರೆ ಎಳೆದರು. ಎಡಗಡೆ ಹ್ಯಾಲೋಪೆರಿಡಾಲ್ ಬರೆದು ಅದರ ಕೆಳಗೆ ಒಂದೊಂದಾಗಿ ಹೇಳ್ತಾ ಹೋದರು. ಮುಖದಲ್ಲಿ ಭಾವನೆ ಇರಲ್ಲ. ಜೊಲ್ಲು. ನಡೆಯುವಾಗ ತೋಳು ಬೀಸಲ್ಲ. ಬೆರಳ ನಡುಕ. ತಿರುಗಿದರೆ ಇಡೀ ಮೈ ತಿರುಗುತ್ತೆ. ನನ್ನ ಪೆನ್ನು ನಿಂತಿತು. ಸರ್ ನಮ್ಮ ಜಗಲಿ ಮುಂದೆ ನಿಂತು ಅಕ್ಕನನ್ನ ನೋಡಿ ಹೇಳಿದ ಹಾಗಿತ್ತು. ಅದು ಕಾಯಿಲೆ ಅಲ್ಲ, ಬೆಳೆಯೋದೂ ಅಲ್ಲ, ಮಾತ್ರೆ! ಎರಡು ವರ್ಷ ನಾವು ಒಂದು ಮಾತ್ರೆಯ ಮುಂದೆ ಕೈಕಟ್ಟಿಕೊಂಡು ಕಾದು ಕೂತಿದ್ದೆವು.

ಶನಿವಾರದವರೆಗೂ ಕಾಯಲಿಲ್ಲ. ಅವತ್ತೇ ಬಸ್ಸು ಹತ್ತಿದೆ. ಹೊಸಿಲು ದಾಟೋದರೊಳಗೆ ಅವ್ವನ ಮೇಲೆ ಹರಿಹಾಯ್ದೆ. "ನೀನೇ ಕಣವ್ವ ಅವಳನ್ನ ಹಿಂಗೆ ಮಾಡಿದ್ದು" ಅಂದೆ. ಅರ್ಧ ತುಂಬಿದ ಕೊಡ ನೋಡಿ, ಎಷ್ಟು ತುಳುಕಿದೆ! ಹಿಪ್ಪುನೇರಳೆ ಸೊಪ್ಪು ಕತ್ತರಿಸ್ತಿದ್ದ ಅವ್ವ ಕುಡುಗೋಲು ಕೆಳಗಿಟ್ಟು ಎದ್ದು ಹೋದಳು.

ಮಾರನೇ ದಿನ ಅಕ್ಕನನ್ನ ಅದೇ ಡಾಕ್ಟರ ಹತ್ತಿರ ಕರ್ಕೊಂಡು ಹೋದೆ. ಅವರು ಅವಳ ಮೊಣಕೈ ಹಿಡಿದು ಮಡಚಿ ನೋಡಿದರು. "ಎರಡು ವರ್ಷ ಎಲ್ಲಿಗೆ ಹೋಗಿದ್ರಮ್ಮ?" ಅಂದರು. ಆಮೇಲೆ ನಿಧಾನವಾಗಿ ಹೇಳಿದರು: ಮೂರು ದಾರಿ ಇವೆ. ಇದೇ ಮಾತ್ರೆಯನ್ನ ಕಮ್ಮಿ ಮಾಡಿ ನೋಡಬಹುದು. ಬಿಗಿತಕ್ಕೆ ಇನ್ನೊಂದು ಮಾತ್ರೆ ಜೊತೆಗೆ ಕೊಡಬಹುದು. ಇಲ್ಲ ಹೊಸ ಮಾತ್ರೆಗೆ ಬದಲಾಯಿಸಬಹುದು, ಕೈ ಸರಿಹೋಗುತ್ತೆ, ಆದರೆ ಹಸಿವು, ತೂಕ, ಸಕ್ಕರೆ ಮೇಲೆ ಕಣ್ಣಿಟ್ಟಿರಬೇಕು. ಯಾವುದೂ ಪುಕ್ಕಟೆ ಬರಲ್ಲ ಅಂದರು. ಅಕ್ಕನ ಕಡೆ ತಿರುಗಿ, "ನಿಮಗೇನನ್ಸುತ್ತಮ್ಮ?" ಅಂತ ಕೇಳಿದರು.

ಅಕ್ಕನಿಗೆ ಬಾಯಿ ಬಿಡೋದಕ್ಕೆ ಹೊತ್ತು ಬೇಕಿತ್ತು. ಮೈ ಬಿಗಿದೋರಿಗೆ ಮಾತೂ ಬಿಗಿದಿರುತ್ತೆ, ಅದೂ ಆ ಪಟ್ಟಿಯಲ್ಲಿತ್ತು, ನಾನೇ ಬರ್ಕೊಂಡಿದ್ದೆ. ಅವಳ ತುಟಿ ಅಲ್ಲಾಡಿತು. ನನಗೆಲ್ಲಿ ತಾಳ್ಮೆ? "ಹೊಸದೇ ಬರೀರಿ ಸಾರ್" ಅಂದುಬಿಟ್ಟೆ.

ಒಂದನ್ನ ಇಳಿಸ್ತಾ ಇನ್ನೊಂದನ್ನ ಏರಿಸ್ತಾ ಕೆಲವು ವಾರದಲ್ಲಿ ಒಲಾಂಜಪಿನ್‌ಗೆ ಬದಲಾಯಿಸಿದರು. ನಡುಕ ಹೋಯಿತು, ಜೊಲ್ಲು ಹೋಯಿತು. ದನಿಗಳು ವಾಪಸ್ ಬರಲಿಲ್ಲ. ಮುಂದಿನ ಬೆಳೆಯಲ್ಲಿ ಹುಳ ಹಣ್ಣಾದಾಗ ಅಕ್ಕ ಒಳಗೆ ಬಂದು ತಟ್ಟೆಯ ಮುಂದೆ ಕೂತಳು. ನಾನು ಚಂದ್ರಿಕೆ ಹಿಡ್ಕೊಂಡು ಪಕ್ಕದಲ್ಲೇ ನಿಂತಿದ್ದೆ. ಒಂದು, ಎರಡು, ಆಮೇಲೆ ಎಣಿಸೋಕಾಗಲಿಲ್ಲ. ನಾನು ಜೋರಾಗಿ ಅತ್ತುಬಿಟ್ಟೆ. ಅವ್ವ "ಹುಳಿನ ಮನೇಲಿ ಅಳಬ್ಯಾಡ ಕನಮ್ಮಿ" ಅಂತ ಗದರಿಸಿ ತಾನೂ ಅತ್ತಳು. ನಾನು ಗೆದ್ದೆ ಅಂದುಕೊಂಡೆ. ಅಷ್ಟು ಖುಷಿ ನನಗೆ ಅದರ ಹಿಂದೆಯೂ ಆಗಿಲ್ಲ, ಮುಂದೆಯೂ ಆಗಿಲ್ಲ.

ಗೆದ್ದ ಮೇಲೆ ಇನ್ನೇನು? ನನ್ನ ಪಾಡು ನಾನು ನೋಡಿಕೊಂಡೆ. ಮುಂದೆ ಓದಿದೆ, ಮೇಷ್ಟ್ರಾದೆ. ವಾರ ವಾರ ಊರಿಗೆ ಬರ್ತಿದ್ದೋಳು ತಿಂಗಳಿಗೊಂದು ಸಲ ಬಂದೆ, ಆಮೇಲೆ ಹಬ್ಬಕ್ಕೊಂದು ಸಲ. ಕೈಲಾಂಚ ರಾಮನಗರದಿಂದ ಎಷ್ಟು ದೂರ? ಹಾಲಿನ ಕ್ಯಾನು ಕಟ್ಟಿಕೊಂಡು ಟಿವಿಎಸ್‌ನಲ್ಲಿ ದಿನಾ ಎರಡು ಸಲ ಬಂದು ಹೋಗೋರಿದ್ದಾರೆ. ಫೋನು ಮಾಡಿದರೆ ನಾನು ಅಕ್ಕನನ್ನ ಕೇಳ್ತಿದ್ದದ್ದು ಒಂದೇ, "ಮಾತ್ರೆ ತಗೊಂಡ್ಯಾ?" ಅವಳು "ಹೂಂ" ಅನ್ನೋಳು. ಇಟ್ಟುಬಿಡ್ತಿದ್ದೆ.

ಹೋದಾಗೆಲ್ಲ ಅವಳು ಇನ್ನಷ್ಟು ದಪ್ಪಗಾಗಿರೋಳು. ಕುಪ್ಪಸಗಳ ಹೊಲಿಗೆ ಬಿಚ್ಚಿ ಬಿಚ್ಚಿ ಕೊನೆಗೆ ಬಿಚ್ಚೋಕೆ ಬಟ್ಟೆಯೇ ಉಳಿಯಲಿಲ್ಲ. ಹೊಟ್ಟೆ ತುಂಬ ಉಂಡು ಕೈ ತೊಳೆದು ಅರ್ಧ ಗಂಟೆಗೆ ಮತ್ತೆ ಅಡುಗೆ ಮನೆ ಬಾಗಿಲಲ್ಲಿ ನಿಂತಿರೋಳು. ಅತ್ತಿಗೆ, ಪಾಪ, ಕೆಟ್ಟೋಳಲ್ಲ, ಬೆಲ್ಲದ ಡಬ್ಬಿಯನ್ನ ಎತ್ತರಕ್ಕೆ ಇಡೋಕೆ ಶುರು ಮಾಡಿದಳು. ಅವ್ವ "ಅದೇನು ಹೊಟ್ಟೆಯೋ ರಾಗಿ ತುಂಬೋ ಹಗೇವೋ" ಅನ್ನೋಳು. ಅದು ಅಕ್ಕನ ಹೊಟ್ಟೆಬಾಕತನ ಅಲ್ಲ, ಮಾತ್ರೆ ಅಂತ ನನಗೆ ಗೊತ್ತಿತ್ತು. ವರ್ಷ ವರ್ಷ ಬೋರ್ಡಿನ ಮೇಲೆ ಬರೀತಿದ್ದೆ. ಒಂದು ಸಲ ಅವ್ವನಿಗೆ ಹೇಳಿದೆ ಕೂಡ, ಆದರೆ ಬಸ್ಸಿಗೆ ಹೊತ್ತಾಗ್ತಿತ್ತು, ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ತಾ ಹೇಳಿದೆ.

ಅವ್ವ ಹೋಗಿ ಮೂರು ವರ್ಷವಾಯಿತು. ಅಕ್ಕ ಅಣ್ಣ ಅತ್ತಿಗೆಯ ಜೊತೆ ಅಲ್ಲೇ ಇದ್ದಾಳೆ, ಹುಳದ ಕೆಲಸ ಮಾಡ್ತಾಳೆ. ಹೋದ ತಿಂಗಳು ಅಣ್ಣ ಫೋನು ಮಾಡಿದ. "ಅಕ್ಕುಂಗೆ ಶುಗರ್ ಬಂದ್ಬುಟೈತೆ. ಮಾತ್ರೆ ವಿಚಾರ ನಿನಿಗೇ ಗೊತ್ತಾಗೋದು, ಬಾರಮ್ಮಿ" ಅಂದ.

ಈಗ ಪೇಟೆಯಲ್ಲಿ ಬೇರೆ ಡಾಕ್ಟರು, ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ರಕ್ತದ ವರದಿ ನೋಡಿದರು, ಅಕ್ಕನನ್ನ ತೂಕದ ಯಂತ್ರದ ಮೇಲೆ ನಿಲ್ಲಿಸಿದರು, ತೋಳು ಮಡಚಿ ನೋಡಿದರು. ಮಾತ್ರೆ ಬದಲಾಯಿಸೋದು ಒಳ್ಳೇದು ಅಂತ ಶುರು ಮಾಡಿದರು. ನನ್ನ ನಾಲಿಗೆಯ ತುದಿಯಲ್ಲಿ ಉತ್ತರ ಸಿದ್ಧವಿತ್ತು, ತೂಕ ಏರಿಸದ ಮಾತ್ರೆಯ ಹೆಸರೂ ಇತ್ತು. ಈ ಸಲ ಕಚ್ಚಿ ಹಿಡಿದೆ. ಡಾಕ್ಟರು ಅಕ್ಕನನ್ನ ಕೇಳಿದರು, "ನಿಮಗೆ ಏನು ಬೇಕು ಅನ್ಸುತ್ತಮ್ಮ?"

ಅಕ್ಕ ಒಂದು ಗಳಿಗೆಯೂ ತಡೆಯಲಿಲ್ಲ. "ಹಳೇದೇ ಕೊಟ್ಬುಡಿ ಮೇಡಮ್ಮೋರೆ" ಅಂದಳು.

ಡಾಕ್ಟರು ನನ್ನ ಮುಖ ನೋಡಿದರು. ನಾನು ಅಕ್ಕನ ಮುಖ ನೋಡಿದೆ. "ಅದರಲ್ಲಿ ನಿಮ್ಮ ಕೈ ನಡುಗ್ತಿತ್ತಂತಲ್ಲ, ಮೈ ಬಿಗೀತಿತ್ತಂತಲ್ಲ?" ಅಂದರು ಡಾಕ್ಟರು.

"ನಡುಗ್ತಿತ್ತು ಕನವ್ವ. ತುತ್ತು ಬಾಯಿಗೋಯ್ತಿರ್ಲಿಲ್ಲ, ಎದೆ ಮ್ಯಾಲೆ ಬೀಳೋದು. ಅದ್ಕೇ ನಮ್ಮವ್ವ ದಿನಾ ಪಕ್ದಲ್ಲಿ ಕುಂತು ಉಣ್ಣುಸೋಳು. ಒತ್ತಾರೆ, ಸಂದೆ." ಅಕ್ಕ ನನ್ನ ಕಡೆ ಕೈ ತೋರಿಸಿದಳು. "ಇವ್ಳೂ ಶನಿವಾರ ಶನಿವಾರ ಬರೋಳು. ತಲೆ ಬಾಚೋಳು. ಕೈ ನೆಟ್ಗಾಯ್ತು, ಆಮೇಲೆ ಯಾರೂ ಕುಂತ್ಕೊಳ್ನಿಲ್ಲ."

ದೂರು ಹೇಳೋ ದನಿಯಲ್ಲ ಅದು. ಅವತ್ತು ಮಳೆ ಬಂತು, ಇವತ್ತು ಬರಲಿಲ್ಲ ಅನ್ನೋ ಹಾಗೆ ಹೇಳಿದಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವ್ವ ತುತ್ತು ಕೊಡ್ತಿದ್ದದ್ದು ಕಣ್ಣೆದುರಿಗೇ ಇದ್ದರೂ ನಾನು ಲೆಕ್ಕಕ್ಕೆ ತಗೊಂಡಿರಲಿಲ್ಲ. ಅಲ್ಲಾಡದ ಮಗಳನ್ನ ಹುಳದ ಹಾಗೆ ಬಿಟ್ಟಳು ಅಂತ ಅವ್ವನ ಮೇಲೆ ಕಿರುಚಾಡಿದೋಳು ನಾನು. ಹೊರಗಿನೋರಿಗೆ ಮುಟ್ಟಬೇಡಿ ಅಂತಿದ್ದೋಳು ತಾನು ಮಾತ್ರ ದಿನಕ್ಕೆರಡು ಸಲ ಪಕ್ಕದಲ್ಲಿ ಕೂತಿದ್ದಳು. ಬಿಟ್ಟೋಳು ನಾನು, ಕೈ ಸರಿಮಾಡಿ ಬಿಟ್ಟೋಳು.

ಡಾಕ್ಟರು ಪೆನ್ನು ಕೆಳಗಿಟ್ಟರು. ಆಮೇಲೆ ಅಕ್ಕನಿಗೇ ಬಿಡಿಸಿ ಹೇಳಿದರು. ಹೊಸದರಲ್ಲೇ ಇನ್ನೊಂದಿದೆ, ಅದು ಇಷ್ಟು ಹಸಿವು ತರಲ್ಲ, ಮೆಲ್ಲಗೆ ಅದಕ್ಕೆ ಹೋಗೋಣ, ನಿದ್ದೆ ಕೆಟ್ಟರೆ, ಕೂತಲ್ಲಿ ಕೂರೋಕಾಗದಷ್ಟು ಚಡಪಡಿಕೆ ಬಂದರೆ, ದನಿ ಕೇಳಿದರೆ ತಕ್ಷಣ ಬರಬೇಕು ಅಂದರು. ಅಕ್ಕ ತಲೆ ಆಡಿಸಿದಳು. "ಮುಂದಿನ ತಿಂಗಳು ನೀವೂ ಜೊತೆಗೆ ಬನ್ನಿ" ಅಂತ ನನ್ನ ಕಡೆ ನೋಡದೆ ಹೇಳಿದರು.

ಹೊರಗೆ ಬಂದಾಗ ಊಟದ ಹೊತ್ತು. ಬಸ್‌ಸ್ಟ್ಯಾಂಡ್ ಹತ್ತಿರದ ಮುದ್ದೆ ಹೋಟೆಲಿಗೆ ಹೋದೆವು. ಗೋಡೆ ಕಡೆಯ ಮೇಜು ಸಿಕ್ಕಿತು. ನಾನು ಅಕ್ಕನ ಎದುರಿಗೆ ಕೂರೋದು ಬಿಟ್ಟು ಅವಳ ಪಕ್ಕಕ್ಕೆ ಹೋಗಿ ಕೂತೆ. ಮುದ್ದೆ, ಸೊಪ್ಪಿನ ಸಾರು ಬಂತು. ಬಿಸಿ ಬಿಸಿ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಅವಳ ಬಾಯಿ ಹತ್ತಿರ ಹಿಡಿದೆ. ಪಕ್ಕದ ಮೇಜಿನೋರು ನೋಡ್ತಿದ್ದರು, ನೋಡಲಿ ಬಿಡು ಅಂದುಕೊಂಡೆ.

ಅಕ್ಕ ನನ್ನ ಕೈಯನ್ನ ಒಮ್ಮೆ ನೋಡಿದಳು. ಮೆತ್ತಗೆ ಪಕ್ಕಕ್ಕೆ ಸರಿಸಿದಳು.

"ಬುಡಮ್ಮಿ. ನನ್ ಕೈ ನೆಟ್ಗೈತಲ್ಲ" ಅಂದಳು.

ತಾನೇ ಮುದ್ದೆ ಮುರಿದು, ಒಂದು ತೊಟ್ಟೂ ಚೆಲ್ಲದೆ ಉಣ್ಣೋಕೆ ಶುರು ಮಾಡಿದಳು. ನಾನು ಹಿಡಿದಿದ್ದ ತುತ್ತನ್ನ ನಾನೇ ನುಂಗಿದೆ.